ಕಳೆಯದ ಕಾರ್ಡು

ನನ್ನ ಹೆಂಡತಿ ಸುಧಾಳ ಎಟಿಎಂ ಕಾರ್ಡು ಕಳೆದಿರಲಿಲ್ಲ. ನಾನೇ ಬಚ್ಚಿಟ್ಟಿದ್ದೆ. ಅವಳು ಅಕ್ಕಿಡಬ್ಬಿಯ ತಳದವರೆಗೂ ಕೈಹಾಕಿ ಹುಡುಕುತ್ತಿದ್ದಾಗ ನಾನೂ ಮಂಚದ ಕೆಳಗೆ ಬಗ್ಗಿ ಹುಡುಕಿದೆ — ಹುಡುಕುವವನಂತೆ ನಟಿಸಿದೆ. ಆ ಹೊತ್ತಿಗೆ ಅದು ಅಮೀರ್‌ಪೇಟ್‌ನ ನನ್ನ ಅಂಗಡಿಯಲ್ಲಿ, ಗಿರಾಕಿಗಳಿಗೆ ತೋರಿಸಲೆಂದು ಇಟ್ಟ ಗಾದಿಯ ಕವರಿನೊಳಗಿತ್ತು.

ಹಾಸ್ಟೆಲ್‌ಗಳಿಗೆ ಗಾದಿ, ದಿಂಬು ಮಾರಿ ಮೇಲೆ ಬಂದವನು ನಾನು. ಒಂದು ದಿಂಬಿನ ದರಕ್ಕಾಗಿ ಅರ್ಧ ತಾಸು ವಾದಿಸಬಲ್ಲೆ. ತಿಂಗಳಿಗೆ ಇಷ್ಟೇ ಸಲ ಎಂಬ ಉಚಿತ ಮಿತಿ ದಾಟಿ ಹಣ ತೆಗೆದರೆ ಶುಲ್ಕ, ಕಾರ್ಡು ಕಳೆದರೆ ಹೊಸದಕ್ಕೂ ಶುಲ್ಕ ಎಂದು ಬ್ಯಾಂಕಿನವರು ಶುರು ಮಾಡಿದಾಗ ಮಲ್ಕಾಜ್‌ಗಿರಿಯ ನಮ್ಮ ಓಣಿಯವರೆಲ್ಲ ಗೊಣಗಿದರು. ನಾನು ಸಲಹೆ ಕೊಟ್ಟೆ. ತಿಂಗಳ ಖರ್ಚಿನದನ್ನು ಒಂದೇ ಸಲ ತೆಗೆಯಿರಿ, ಕಾರ್ಡನ್ನು ಅಂಗಿ ಜೇಬಿನಲ್ಲಿ ಇಡಬೇಡಿ — ಒಗೆಯಲು ಹೋಗುತ್ತದೆ. ಈ ಸಲಹೆ ಈಗಲೂ ಸರಿಯೇ. ಬೇಕಾದರೆ ನೀವೂ ಪಾಲಿಸಿ.

ಆದರೆ ನನ್ನ ಮನೆಯಲ್ಲೇ — ಸುಧಾ ನೂರು ರೂಪಾಯಿ ತೆಗೆಯುತ್ತಿದ್ದಳು. ಬರೀ ನೂರು. ಕೆಲವು ದಿನ ಬಿಟ್ಟು ಮತ್ತೊಂದು ನೂರು. ಶುಲ್ಕ ಬೀಳುತ್ತಲೇ ಇತ್ತು. ಅವಳ ಪಾಸ್‌ಬುಕ್ಕಿನಲ್ಲಿ ಕಡಿತದ ಸಾಲುಗಳನ್ನಷ್ಟೇ ಓದುವವನು ನಾನು. ಜಮೆಯ ಕಡೆ ನೋಡುವ ಅಭ್ಯಾಸವಿಲ್ಲ.

"ಮನ್ಯಾಗ ರೊಕ್ಕ ಇಲ್ಲೇನು? ನೂರು ರೂಪಾಯಿ ಸಲುವಾಗಿ ದಂಡ ಯಾಕ ಕೊಡ್ತಿ?"

"ಇರ್ಲಿ ಬಿಡ್ರಿ. ನೀವು ಶೇಂಗಾ ಕೊಳ್ಳಾಕ ಹೋದ್ರ ಒಂದು ಮುಷ್ಟಿ ಪುಕ್ಕಟ ತಿಂದ ನೋಡ್ತೀರಿ. ನಿಮಗ ಯಾರು ದಂಡ ಹಾಕ್ಯಾರ?"

ಎಲ್ಲಿಗೆ ಹೋಗುತ್ತದೆ ಈ ನೂರು? ಕುತೂಹಲ ತಡೆಯದೆ ಒಂದು ದಿನ ಅವಳ ಹಿಂದೆಯೇ ಹೋದೆ. ಸ್ಟೇಷನ್ ಹತ್ತಿರದ ಎಟಿಎಂ. ನೋಟು ಬಂತು. ಅವಳು ಅದನ್ನು ಮಡಚಿ ಪರ್ಸಿಗೆ ಹಾಕಿ, ಯಂತ್ರದ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತಳು — ಯಾರಿಗೋ ಏನೋ ಹೇಳಿ ಮುಗಿಸಿದವರ ಹಾಗೆ. ಹೊರಬಂದಾಗ ಮುಖ ಹಗುರಾಗಿತ್ತು. ಅದೇ ನೋಟು ಕೊಟ್ಟು ಬದನೆಕಾಯಿ ಕೊಂಡಳು. ಅಷ್ಟೇ! ನನಗೆ ಸಿಟ್ಟು ಬಂತು. ಆ ವಾರವೇ ಕಾರ್ಡು ಎಗರಿಸಿದೆ.

ಅವಳು ಹುಡುಕಿ ಸೋತು ಕುಳಿತಾಗ ನಾನು ಅಂದ ಮಾತು ಇದು — "ಹೊಸಾ ಕಾರ್ಡಿಗೂ ರೊಕ್ಕ ಕೇಳ್ತಾರ. ಬಿಡು, ನಿನಗ ಬೇಕಾದಷ್ಟು ನಾ ಕೊಡ್ತೀನಿ."

ಆದರೂ ಅವಳು ಬ್ಯಾಂಕಿಗೆ ಹೋಗಿದ್ದಳು. ಹೊಸ ಕಾರ್ಡು ಬೇಕೆಂದರೆ ಖಾತೆಯಲ್ಲಿರುವ ಮೊಬೈಲ್ ನಂಬರಿಗೆ ಓಟಿಪಿ ಬರುತ್ತದೆ, ಅದನ್ನು ಹೇಳಿ ಎಂದರಂತೆ. ಆ ನಂಬರು ಅವಳ ತಮ್ಮ ಪ್ರಹ್ಲಾದನದು. ಮದುವೆಗೆ ಮುಂಚೆ ಆ ಖಾತೆ ತೆರೆಸಿಕೊಟ್ಟವನು ಅವನೇ. ಈಗ ಉಪ್ಪಲ್‌ನಲ್ಲಿದ್ದಾನೆ. ಅಕ್ಕ-ತಮ್ಮನ ನಡುವೆ ಮಾತಿರಲಿಲ್ಲ — ಅದೂ ನನ್ನಿಂದಲೇ. ನಮ್ಮ ಮನೆಯಲ್ಲಿ ನಡೆದ ಅತ್ತೆಯ ತಿಥಿಯಲ್ಲಿ ನಾನು ಪುರೋಹಿತರೊಡನೆ ದಕ್ಷಿಣೆಗೆ ಜಗ್ಗಾಡಿದೆ. "ಭಾವಾ, ನಮ್ಮವ್ವನ ತಿಥಿಯೊಳಗೂ ಚೌಕಾಸಿ ಏನ್ರಿ?" ಎಂದು ಅವನು ಎಲ್ಲರೆದುರು ಕೂಗಿದ. ಸುಧಾ ನನ್ನ ಮಾನ ಉಳಿಸಲು ಅವನಿಗೆ ಬಾಗಿಲು ತೋರಿಸಿದಳು. ಅವನು ಉಣ್ಣದೆ ಹೋದ.

"ಹಂಗಾದ್ರ ನಂಬರ್ ಬದಲಿ ಮಾಡ್ಸು" ಎಂದೆ.

"ಬ್ಯಾಡ್ರಿ" ಎಂದಳು. ಎಂಥ ಗಿರಾಕಿಯ ಮನಸ್ಸನ್ನೂ ಓದುವ ನನಗೆ ಆಗಲೂ — ಆಗಲೂ ಹೊಳೆಯಲಿಲ್ಲ.

ಕೆಲವು ತಿಂಗಳ ಮೇಲೆ ಪ್ರಹ್ಲಾದ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಬೆವರಿದ್ದ.

"ಅಕ್ಕ ಆರಾಮ ಅದಾಳೇನ್ರಿ, ಭಾವಾ?"

"ಆರಾಮ ಅದಾಳ. ಯಾಕ?"

"ಮೆಸೇಜ್ ಬರೂದು ನಿಂತೈತ್ರಿ." ಅವನು ಒಳಗೆ ಬಂದು ಗಾದಿಯ ಮೇಲೆ ಕೈಯೂರಿದ — ಅದೇ ಗಾದಿಯ ಮೇಲೆ. "ಅಕ್ಕ ನೂರು ತಗದ್ಲಂದ್ರ ನನ್ನ ಫೋನಿಗೆ ಬರ್ತಿತ್ತು. ಆರಾಮ ಅದಾಳ, ಓಡಾಡಾಕತ್ತಾಳ ಅಂತ ತಿಳೀತಿತ್ತು. ಬ್ಯಾಂಕಿನವರು ದಂಡ ಹಿಡದದ್ದೂ ಬರ್ತಿತ್ತು. ಆ ದಂಡದಷ್ಟು ರೊಕ್ಕ ನಾ ತಿರುಗಿ ಅಕಿ ಖಾತೆಗೆ ಹಾಕ್ತಿದ್ದೆ. ನಾನೂ ಆರಾಮ ಅದೀನಿ ಅಂತ ಅಕಿಗೆ ತಿಳೀಲಿ ಅಂತ."

ಗಾದಿಯ ಕವರಿಗೆ ಕೈಹಾಕಿದ್ದರೆ ಸಾಕಿತ್ತು. "ಕಾರ್ಡ್ ಕಳಕೊಂಡಾಳಪ್ಪಾ" ಎಂದೆ.

ಅವನು ನಕ್ಕುಬಿಟ್ಟ. "ಕಾರ್ಡ್ ಕಳದೈತೇನ್ರಿ! ಅಕ್ಕ ನನ್ನ ಪೂರಾ ಕಡಿದುಕೊಂಡಾಳ ಅಂತ ಭಾಳ ಹೆದರಿದ್ದೆ. ಹೊಸಾದು ತಗೋತಾಳ ತಗೋರಿ. ನಾ ಬಂದಿದ್ದೆ ಅಂತ ಹೇಳಬ್ಯಾಡ್ರಿ ಮತ್ತ." ಮೆಟ್ರೋ ಕಡೆಗೆ ಹೋದ.

ಅಂದೇ ಕಾರ್ಡು ಮನೆಗೆ ತರಬಹುದಿತ್ತು. ಸಿಕ್ಕಿಬಿದ್ದರೆ? ನಾಳೆ ಎಂದುಕೊಂಡೆ. ನಾಳೆಗಳು ಕೂಡಿ ವರ್ಷಗಳಾದವು. ಕಾರ್ಡಿನ ಅವಧಿಯೂ ಮುಗಿಯಿತು. ಹೊಸ ಕಾರ್ಡಿನ ನೂರಕ್ಕಾಗಿ ಅವನು ಎಷ್ಟು ಕಾಲ ಫೋನು ನೋಡುತ್ತಿದ್ದನೋ — ಮತ್ತೆ ಅವನು ಬರಲಿಲ್ಲ. ಅವಳ ಯಾವ ನೂರು ಬರೀ ಕುಶಲದ್ದು, ಯಾವುದು ತವರಿನ ನೆನಪಿನ ನಾಗರಪಂಚಮಿಯದು, ಯಾವುದು ಇನ್ನೂ ಆರದ ಸಿಟ್ಟಿನದು — ತಿಳಿಯುವ ಆಸೆ ನನಗೆ ಇಂದಿಗೂ ಇದೆ. ಕೇಳುವ ಹಕ್ಕಿಲ್ಲ.

ಇವತ್ತು ಬೆಳಿಗ್ಗೆ ಸುಧಾ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು. ಕಾರ್ಡನ್ನು ಅವಳ ಮುಂದಿಟ್ಟು ಎಲ್ಲ ಹೇಳಿದೆ. ಯಾವುದನ್ನೂ ಕಡಿಮೆ ಮಾಡಲಿಲ್ಲ. ಅವಳು ಕೈ ಒರೆಸಿಕೊಂಡು, ಕಾರ್ಡಿನ ಮೇಲಿನ ತನ್ನ ಹೆಸರಿನ ಉಬ್ಬಿದ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

"ಅಂವ ಅಂಗಡೀಗೆ ಬಂದಾಗ ಒಂದು ಕಪ್ ಚಾ ಆದ್ರೂ ಕೊಟ್ಟಿದ್ರೇನ್ರಿ?"

ಕೊಟ್ಟಿರಲಿಲ್ಲ.