ನೋಡಿ ಬಂದ ದಿನ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಿಗೆ ಬರುವ ಪ್ರವಾಸಿಗೆ ದಾರಿ ಹೇಳುವವರು ಹಿಂದೆಯೂ ಇದ್ದರು. ಆದರೆ ಹೇಳಿದ ದಾರಿಗೆ ತಾವೇ ಹೊಣೆ ಎಂದು ತಿಳಿದು, ಆ ಕೆಲಸಕ್ಕೊಂದು ಕ್ರಮ ತಂದು, ಕೊನೆಗೆ ಅದನ್ನು ಕಂಪ್ಯೂಟರಿಗೂ ಕಲಿಸಿದವರು ಶ್ರೀ ಮೈಲಾರಪ್ಪನವರು. ಹಾನಗಲ್ಲ ಬಸ್ ನಿಲ್ದಾಣದ ಪ್ರವಾಸಿ ಮಾಹಿತಿ ಕೋಣೆಯಲ್ಲಿ ಹದಿನೆಂಟು ವರ್ಷ ಸೇವೆ ಸಲ್ಲಿಸಿ, 1989ರ ಮೇ ತಿಂಗಳಲ್ಲಿ ನಿವೃತ್ತರಾದ ಅವರ ಕುರಿತು ಬರೆಯುವುದು ಸಂತೋಷದ ಕೆಲಸ. ತುಸು ಅಳುಕಿನದೂ ಹೌದು, ಖಚಿತವಲ್ಲದ ಮಾತನ್ನು ಅವರು ಒಪ್ಪುವವರಲ್ಲ.

ಅವರು ಸೇರಿದಾಗ ಕೋಣೆಯಲ್ಲಿದ್ದದ್ದು ಒಂದು ಮೇಜು, ಗೋಡೆಯ ಮೇಲೊಂದು ವೇಳಾಪಟ್ಟಿ. ಅವರು ಊರಿಗೊಂದು ರಟ್ಟಿನ ಕಾರ್ಡು ಮಾಡಿದರು. ಎಲ್ಲಿ ಇಳಿಯಬೇಕು, ಗುಡಿಯ ಕೀಲಿ ಯಾರ ಮನೆಯಲ್ಲಿದೆ, ಕುಡಿಯುವ ನೀರು ಎಲ್ಲಿ, ನೆರಳಿನ ಕಟ್ಟೆಯ ಮೇಲೆ ಎಷ್ಟು ಜನ ಕೂರಬಹುದು ಎಂಬುದನ್ನೆಲ್ಲ ಕಂಡಕ್ಟರರನ್ನೂ ಬಂದು ಹೋಗುವವರನ್ನೂ ಕೇಳಿ ಬರೆದರು. 1974ರಲ್ಲಿ ಅವರ ಹೆಂಡತಿ ಉಡಚವ್ವ ತೀರಿಕೊಂಡರು. ಮಕ್ಕಳಿರಲಿಲ್ಲ. ಆಮೇಲೆ ಕೋಣೆಗೆ ಬೀಗ ಬೀಳುವುದು ತಡವಾಗತೊಡಗಿತು. ನಿಲ್ದಾಣದವರೆಲ್ಲ ಅದನ್ನು ಗಮನಿಸಿದ್ದರು.

1979ರಲ್ಲಿ ಬಂಕಾಪುರದ ಕುಲಸುಮಬಿ ಎಂಬ ವೃದ್ಧೆ, ಹಿರೇಕೆರೂರು ಕಡೆಯ ಹಳ್ಳಿಯೊಂದರ ದರ್ಗಾಕ್ಕೆ ದಾರಿ ಕೇಳಿದರು. ಮೈಲಾರಪ್ಪನವರು ಕಾರ್ಡು ನೋಡಿ, ಮರಳಲು ನಾಲ್ಕು ಗಂಟೆಯ ಬಸ್ಸಿದೆ ಎಂದು ಚೀಟಿ ಬರೆದುಕೊಟ್ಟರು. ಆ ಬಸ್ಸು ನಿಂತು ಎರಡು ತಿಂಗಳಾಗಿತ್ತು. ಮರುದಿನ ಮಧ್ಯಾಹ್ನ ಆಕೆ ಅದೇ ಚೀಟಿ ಹಿಡಿದು ಕಿಟಕಿಗೆ ಬಂದರು.

“ನಾಲ್ಕರ ಗಾಡಿ ಇನ್ನೂ ಬರಲಿಲ್ರಿ ಸಾಹೇಬರ. ಬಂದ್ರ ನನ್ನ ಸಲುವಾಗಿ ನಿಲ್ಲಂತ ಹೇಳ್ರಿ.”

ಮೈಲಾರಪ್ಪನವರು ಎದ್ದು ನಿಂತು ತಪ್ಪಾಯಿತೆಂದರು.

“ತಪ್ಪು ಗಿಪ್ಪು ಇರಲಿ. ಯಾರೋ ಪುಣ್ಯಾತ್ಗಿತ್ತಿ ರೊಟ್ಟಿ ಹಾಕಿ ಮಲಗಿಸಿಕೊಂಡ್ಲು. ಒಂದ ಮಾತು ಹೇಳ್ರಿ, ಆ ಊರು ನೀವು ನೋಡೀರೇನು?”

ಅವರು ನೋಡಿರಲಿಲ್ಲ.

ಅಂದಿನಿಂದ ತಾವು ಹೋಗಿ ನೋಡದ ಊರಿನ ಕಾರ್ಡನ್ನು ಅವರು ಯಾರಿಗೂ ತೆಗೆದು ಹೇಳಲಿಲ್ಲ. ಪ್ರತಿ ಕಾರ್ಡಿನ ತುದಿಗೆ ‘ನೋಡಿ ಬಂದ ದಿನ’ ಎಂಬ ಸಾಲು ಬಂತು. ವರ್ಷಕ್ಕೊಮ್ಮೆ ಆ ತಾರೀಖು ಹೊಸದಾಗಬೇಕು. ಹೀಗಾಗಿ ಅವರ ಭಾನುವಾರಗಳೂ ಹಬ್ಬದ ರಜೆಗಳೂ ಬಸ್ಸಿನಲ್ಲೇ ಕಳೆದವು. ಕಂಡಕ್ಟರ್ ಹಸನಸಾಬರು ಟಿಕೆಟು ಹರಿಯುತ್ತ, “ಇವತ್ತ ಯಾವೂರ ಹೆಣ್ಣು ನೋಡಾಕ ಹೊಂಟೀರಿ ಮೈಲಾರಪ್ಪನವರ?” ಎಂದು ಕಾಡುವರು. “ತಡಸದ್ದು. ಹೋದ ವರ್ಷ ಒಪ್ಪಲಿಲ್ಲ” ಎಂದು ಇವರು ನಗುವರು. ಇಳಿದು, ನಡೆದು, ಕೀಲಿ ಇರುವ ಮನೆಯ ಕದ ತಟ್ಟಿ, ನೀರು ಕುಡಿದು ನೋಡಿ, ಬಸ್ಸು ಬರುವತನಕ ಕಟ್ಟೆಯ ಒಂದು ತುದಿಯಲ್ಲಿ ಕೂರುವರು. ‘ನಾಲ್ವರು ಕೂರಬಹುದು’ ಎಂದು ಬರೆಯುವಾಗ ಉಳಿದ ಜಾಗವನ್ನು ಗೇಣಿನಿಂದ ಅಳೆಯುತ್ತಿದ್ದರು.

1988ರಲ್ಲಿ ಧಾರವಾಡದ ಕಚೇರಿಗೆ ಕಂಪ್ಯೂಟರು ಬಂತು. ಕಾರ್ಡುಗಳನ್ನೆಲ್ಲ ತಂದೊಪ್ಪಿಸಬೇಕೆಂದು ಆದೇಶವಾಯಿತು. ನೂರ ನಲವತ್ತು ಕಾರ್ಡುಗಳ ತಗಡಿನ ಪೆಟ್ಟಿಗೆ ಹೊತ್ತು ಹೋದ ಮೈಲಾರಪ್ಪನವರು ಚಪ್ಪಲಿ ಹೊರಗೆ ಬಿಟ್ಟು, ಆ ತಣ್ಣನೆಯ ಕೋಣೆಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಕುಳಿತರು. ಕಂಪ್ಯೂಟರ್ ನಡೆಸುವ ನಸೀರಾ ಸವಣೂರಿನ ಹುಡುಗಿ. ಆಕೆ ತೋರಿಸಿದ ನಮೂನೆಯಲ್ಲಿ ಊರಿತ್ತು, ದೂರವಿತ್ತು, ಬಸ್ಸು, ಕೀಲಿ, ನೀರು, ಗುಡಿ ಕಟ್ಟಿಸಿದವರ ಹೆಸರೂ ಇತ್ತು. ತಾರೀಖಿಗೆ ಜಾಗವಿರಲಿಲ್ಲ.

“ಸಾಲಿಗೆ ಎಂಬತ್ತ ಅಕ್ಷರಾರೀ ಸರ್. ತುಂಬೇತಿ.”

“ಹಂಗಾರ ಪೆಟಗಿ ಒಯ್ತೇನಿ ತಂಗಿ. ತಾರೀಖ ಇಲ್ಲದ್ದು ನಂಬಿ ಯಾರರ ಹೋಗಿ ಕುಂತ್ರ?”

“ಯಾವುದಾದ್ರೂ ಒಂದು ತಗೀಬೇಕಾಗ್ತದ್ರಿ.”

“ಕಟ್ಟಿಸಿದವರ ಹೆಸರ ತಗೀ. ಅವರು ಹೋಗಿ ಎಂಟನೂರ ವರ್ಷಾತು, ಸಿಟ್ಟ ಮಾಡೂದಿಲ್ಲ.”

ಮೇಲಿನವರು ಒಪ್ಪುವತನಕ, ಊಟಕ್ಕೂ ಏಳದೆ, ಸಂಜೆ ಐದರವರೆಗೆ ಅವರು ಪೆಟ್ಟಿಗೆ ಬಿಡಲಿಲ್ಲ. ಕೊನೆಗೆ ಆರು ಅಂಕಿಗಳ ಜಾಗ ಸಿಕ್ಕಿತು. ನಸೀರಾ ತಾನಾಗಿ ಇನ್ನೊಂದು ಸೇರಿಸಿದಳು: ವರ್ಷ ದಾಟಿದ ತಾರೀಖಿನ ಮುಂದೆ ಯಂತ್ರ ಒಂದು ಚುಕ್ಕಿ ಹಾಕುತ್ತದೆ. ತಿಂಗಳಿಗೊಮ್ಮೆ ಅಚ್ಚಾಗಿ ಬರುವ ಆ ಪಟ್ಟಿಯನ್ನು ನಾಲ್ಕೂ ತಾಲೂಕಿನ ನಿಲ್ದಾಣಗಳಲ್ಲಿ ಇಂದು ಪ್ರವಾಸಿಗರು ಬೆರಳಿಟ್ಟು ಓದುತ್ತಾರೆ. ಮೈಲಾರಪ್ಪನವರು ನಿವೃತ್ತರಾದ ತಿಂಗಳ ಪಟ್ಟಿಯಲ್ಲಿ ಒಂದೂ ಚುಕ್ಕಿ ಇರಲಿಲ್ಲ.

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆಗಸ್ಟಿನ ಪಟ್ಟಿಯಲ್ಲಿ ಇಪ್ಪತ್ತಮೂರು ಚುಕ್ಕಿಗಳಿದ್ದವು. ಅದನ್ನು ನಿಲ್ದಾಣದ ಗೋಡೆಯಲ್ಲಿ ಓದಿದ ಮೈಲಾರಪ್ಪನವರು ಮುಂದಿನ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬಸ್ಸು ಹತ್ತಿದರು.

“ನೌಕರಿ ಮುಗೀತಲ್ರಿ, ಇನ್ನೇನ ನೋಡೂದೈತಿ?” ಎಂದರು ಹಸನಸಾಬರು.

“ಊರು ಮುಗಿದಿಲ್ಲಲ್ಲ ಮಾರಾಯ. ಒಂದ ಟಿಕೆಟ್ ಕೊಡು.”

ಈಗ ನಸೀರಾಳಿಗೆ ವಾರಕ್ಕೊಂದು ಪೋಸ್ಟ್‌ಕಾರ್ಡು ಬರುತ್ತದೆ: ಊರಿನ ಹೆಸರು, ತಾರೀಖು, ಸಹಿ. ಒಂದೊಂದು ಕಾರ್ಡಿಗೆ ಒಂದೊಂದು ಚುಕ್ಕಿ ಅಳಿಯುತ್ತದೆ.

ಆ ಕೈಬರಹದ ತಾರೀಖುಗಳು ಇನ್ನೂ ಬಹಳ ವರ್ಷ ಬರುತ್ತಿರಲಿ, ಆ ಕಾಲುಗಳಿಗೆ ಕಸುವು ತಗ್ಗದಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಇದನ್ನು ಓದಿದವರಲ್ಲಿ ಯಾರಾದರೂ ಒಂದು ಭಾನುವಾರ ಅವರೊಡನೆ ಬಸ್ಸು ಹತ್ತಿದರೆ ಹಾರೈಕೆಗೆ ಅರ್ಥ ಬಂದೀತು. ಕಟ್ಟೆಯ ಮೇಲೆ ಇನ್ನೂ ಮೂವರಿಗೆ ಜಾಗವಿದೆ. ಅವರು ಅಳೆದು ಬರೆದಿದ್ದಾರೆ.