ಚಿಕ್ಕಗೌರಮ್ಮನ ತಿಪ್ಪೆ

ಶೆಟ್ಟಿಕೆರೆಯಿಂದ ದಂಡಿನಶಿವರಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷ. ಅಷ್ಟರಲ್ಲಿ ಚಿಕ್ಕಗೌರಮ್ಮನಿಗೆ ಊರು ಕೊಟ್ಟ ಬಿರುದು ಒಂದೇ: ಗೊಬ್ಬರ ಅಂದರೆ ಅವಳದು. ಕೊಟ್ಟಿಗೆ ಹಿಂದಿನ ತಿಪ್ಪೆಯನ್ನು ಕೂಸಿನಂತೆ ಸಾಕಿದವಳು. ಕೆದಕಿದಾಗ ಬೆರಳು ಗಾತ್ರದ ಬಿಳಿ ಗೊಣ್ಣೆಹುಳ ಮುದುರಿ ಉರುಳಿದರೆ ಅವಳಿಗೆ ಹಿಗ್ಗು. "ಹುಳ ಬಿತ್ತು ಅಂದ್ರೆ ಗೊಬ್ಬರ ಹದವಾಯ್ತು ಕಣೇ" ಎಂದು ಸೊಸೆ ಭವ್ಯಶ್ರೀಗೆ ತೋರಿಸಿ, ಮತ್ತೆ ಮೇಲೆ ಸಗಣಿ ಮುಚ್ಚುತ್ತಿದ್ದಳು.

ಕೊಟ್ಟಿಗೆಯಾಚೆಯ ಹೊಲದ ಮಣ್ಣನ್ನು ಮಗ ರವೀಂದ್ರ ಇಟ್ಟಿಗೆ ಗೂಡಿನವರಿಗೆ ಕೊಡಹೊರಟಾಗ ಅವಳೇ ಅಡ್ಡ ನಿಂತಳು. "ಮೂರು ವರ್ಷ ತಡಿ, ತೆಂಗು ಎಬ್ಬಿಸಿ ತೋರಿಸ್ತೀನಿ." ಇಪ್ಪತ್ತು ಸಸಿ ನೆಟ್ಟಳು. ಬಿಂದಿಗೆಯಲ್ಲಿ ನೀರು, ಬುಟ್ಟಿಯಲ್ಲಿ ಗೊಬ್ಬರ ಹೊತ್ತಳು.

ಮೂರನೇ ವರ್ಷ ಹೊಸ ಗರಿಗಳು ಕತ್ತರಿಯಾಡಿಸಿದಂತೆ ಬಿಚ್ಚಿಕೊಂಡವು. ಸುಳಿಯಲ್ಲಿ ತೂತು, ತೂತಿನ ಬಾಯಲ್ಲಿ ಅಗಿದುಗುಳಿದ ನಾರು. ಕಬ್ಬಿಣದ ಕೊಕ್ಕೆ ತೂರಿಸಿ ಎಳೆದರೆ ಹಣೆಯ ಮೇಲೆ ಕೊಂಬಿದ್ದ ಕರಿ ದುಂಬಿ. ಹೊಸಕಿದಳು. ಮರುದಿನ ಇನ್ನೊಂದು.

ಪಕ್ಕದ ತೋಟದ ಬೆಟ್ಟಸ್ವಾಮಿ ಬೇಲಿಯಾಚೆಯಿಂದಲೇ, "ನಿನ್ ತಿಪ್ಪೇಲೇ ಹುಟ್ತಾವೆ ಕಣಕ್ಕ, ಅಗೆದು ನೋಡು" ಎಂದ.

"ನಿನ್ ಬಾಯಿಗ್ ಮಣ್ ಹಾಕ! ನಿನ್ ತೋಟದಾಗೆ ಕೊಳೀತಾ ಬಿದ್ದಿರೋ ತೆಂಗಿನ ದಿಂಡು ಮೊದ್ಲು ನೋಡ್ಕೋ."

ಹನ್ನೊಂದು ಸಸಿಗಳ ಸುಳಿ ಕೊಳೆತು ಕೈಗೆ ಬಂತು. ಉಳಿದವಕ್ಕಾದರೂ ಬಲ ಬರಲೆಂದು ಅವಳು ತಿಪ್ಪೆಯ ತಳ ಅಗೆದಳು. ಬಿಳಿ ಹುಳಗಳು ಉರುಳಿದವು. ಇನ್ನೂ ಕೆಳಗೆ ಮಣ್ಣುಂಡೆಗಳು. ಒಂದನ್ನು ಒಡೆದರೆ ಒಳಗೆ ಕಾಲು ಮಡಚಿ ಮಲಗಿದ ಮೆತ್ತನೆಯ ಕಂದು ಜೀವ. ಹಣೆಯಲ್ಲಿ ಎಳೆ ಕೊಂಬು. ಇನ್ನೊಂದರಲ್ಲಿ ಆಗಲೇ ಕಪ್ಪಾಗಿ, ಹೊರಬರಲು ಕಾಲಾಡಿಸುತ್ತಿತ್ತು.

"ಅತ್ತೆ, ಎಲ್ಲಾ ಒಂದೇ ಹುಳ" ಎಂದಳು ಭವ್ಯಶ್ರೀ, ಮೆಲ್ಲಗೆ.

ಚಿಕ್ಕಗೌರಮ್ಮ ಕುಕ್ಕರಗಾಲಲ್ಲಿ ಕೂತು ಇನ್ನೊಂದು ಉಂಡೆ ಒಡೆದಳು.

ಸಂಜೆ ಊಟಕ್ಕೆ ಕೂತ ರವೀಂದ್ರ, "ಆ ನೆಲ ತೆಂಗಿಗೆ ಒಗ್ಗಲ್ಲ ಅಂತ ಅವತ್ತೇ ಬಡ್ಕೊಂಡೆ" ಎಂದ. ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತಿತ್ತು, ಹೊಲ ಹೋಗುತ್ತಿತ್ತು.

"ನೆಲದ ತಪ್ಪಲ್ಲ ಕಣಪ್ಪ, ನಂದು. ಆ ಹುಳಾನ ನನ್ನ ತಿಪ್ಪೇಲಿ ನಾನೇ ಸಾಕಿದ್ದೆ. ಪೂರಾ ಹರವಿ ಒಣಗಿಸ್ತೀನಿ. ಇನ್ನೊಂದ್ ಸಲ ಸಸಿ ಇಡಾಣ."

ರವೀಂದ್ರ ನಕ್ಕುಬಿಟ್ಟ. "ಇನ್ನೂ ಮೂರು ವರ್ಷ ನಿನ್ ಹುಳಕ್ಕೆ ಮೇವು ಹಾಕ್ಲಾ? ಸುಮ್ಕೆ ಉಣ್ಣವ್ವ."

ಸೋಮವಾರ ಇಟ್ಟಿಗೆ ಗೂಡಿನವರ ಜೆಸಿಬಿ ಬಂತು. ಸತ್ತವು, ಬದುಕಿದ್ದವು ಎಂದು ನೋಡದೆ ಎಲ್ಲವನ್ನೂ ಕಿತ್ತು ಬದುವಿಗೆ ಎಸೆಯಿತು. ಅದು ಹೋದ ಮೇಲೆ ಚಿಕ್ಕಗೌರಮ್ಮ ಬದುವಿನಲ್ಲಿ ಕೂತು, ಹಸಿರಾಗಿದ್ದ ಒಂಬತ್ತು ಸಸಿಗಳ ಸುಳಿಯನ್ನೂ ಒಂದೊಂದಾಗಿ ಬಿಡಿಸಿ ನೋಡಿದಳು. ಒಂದರಲ್ಲೂ ತೂತಿರಲಿಲ್ಲ.