ಕಲ್ಲಿಗೆ ಕಿವಿಗೊಡುವ ಬೇಡಕ್ಕ

ಬೆಳಗಿನ ಐದೂವರೆ. ಓಣಿಯ ಕೊನೆಯ ಕಾರ್ಖಾನೆಯಲ್ಲಿ ಇನ್ನೂ ಒಂದು ಯಂತ್ರವೂ ಸದ್ದು ಮಾಡಿಲ್ಲ. ಮಹಡಿಯ ಕೋಣೆಯಲ್ಲಿ ಐವತ್ತೊಂಬತ್ತು ವರ್ಷದ ಮಹಿಳೆಯೊಬ್ಬರು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಗೋಡೆಯ ಗಡಿಯಾರವನ್ನೂ ಇಳಿಸಿ ಹೊರಗಿಟ್ಟು ಬರುತ್ತಾರೆ. ಮೇಜಿನ ಮೇಲಿನ ಸರಳಿಗೆ ದಾರ ಕಟ್ಟಿ, ಅದರಲ್ಲಿ ಕಪ್ಪು ಕಲ್ಲಿನ ಬಿಲ್ಲೆಯೊಂದನ್ನು ಇಳಿಬಿಟ್ಟು, ಮರದ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ನಾಣ್ಯ ಬಿದ್ದಂಥ ಸದ್ದು ಹೊರಟು, ತೆಳ್ಳಗಾಗುತ್ತ ಹೋಗುತ್ತದೆ. ಅದು ಪೂರ್ತಿ ಅಡಗುವವರೆಗೂ ಅವರು ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಈ ಬಿಲ್ಲೆ ದುಬಾರಿ ಕೈಗಡಿಯಾರವೊಂದರ ಹೊರಮೈ ಆಗಬೇಕು. ಕಾರ್ಖಾನೆಯವರು ಅದಕ್ಕೆ ಕೇಸ್ ಎನ್ನುತ್ತಾರೆ. ಚಿನ್ನ, ಉಕ್ಕಿನ ಕೇಸುಗಳು ಎಲ್ಲರ ಕೈಯಲ್ಲೂ ಇವೆ. ದುಡ್ಡಿದ್ದವರಿಗೆ ಈಗ ಇನ್ನೊಬ್ಬರ ಕೈಯಲ್ಲಿಲ್ಲದ್ದು ಬೇಕು. ಹಳೆಯ ಪಿಯಾನೊದ ಮರ, ಒಡೆದ ಹಡಗಿನ ಕಂಚು, ಅಂಟಿನಲ್ಲಿ ಅದ್ದಿ ಒತ್ತಿ ಗಟ್ಟಿಮಾಡಿದ ಹಾಯಿಬಟ್ಟೆ, ಹೀಗೆ ಏನೇನೋ ಬಂದು ಮೇಜಿನ ಮೇಲೆ ಕೂರುತ್ತವೆ. ಯಾವುದು ಮನುಷ್ಯನ ಕೈಗೆ ಆಗಿಬರುತ್ತದೆ, ಯಾವುದು ಬರುವುದಿಲ್ಲ ಎಂದು ಹೇಳುವುದು ಇವರ ಕೆಲಸ. ವರ್ಷಕ್ಕೆ ಎಂಟೊಂಬತ್ತು ಬಗೆ ಬಂದರೆ ಒಪ್ಪಿಗೆ ಸಿಗುವುದು ಎರಡಕ್ಕೋ ಮೂರಕ್ಕೋ. ಹಾಗಾಗಿ ಕೆಳಗಿನ ಕೆಲಸಗಾರರು ಇವರಿಗೆ ಬೇಡಕ್ಕ ಎಂದು ಹೆಸರಿಟ್ಟಿದ್ದಾರೆ. ಈಗೀಗ ಯಜಮಾನರ ಬಾಯಲ್ಲೂ ಅದೇ.

ಯಾವ ವಸ್ತುವನ್ನಾದರೂ ಮೊದಲು ಒಪ್ಪಬೇಕಾದದ್ದು ಬೇಡಕ್ಕನ ಎಡಗೈ. ಒಳಗೇನೂ ಇಲ್ಲದ ಖಾಲಿ ಕೇಸನ್ನು ಚರ್ಮದ ಪಟ್ಟಿಗೆ ಸೇರಿಸಿ ನಲವತ್ತು ದಿನ ಕಟ್ಟಿಕೊಳ್ಳುತ್ತಾರೆ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಮಲಗುವಾಗ ಕೂಡ ಬಿಚ್ಚುವುದಿಲ್ಲ. ಒಂದು ಮರ ಬೆವರು ಕುಡಿದು ಊದಿಕೊಂಡಿತು. ಒಂದು ಕಂಚು ಮಣಿಕಟ್ಟಿಗೆ ಹಸಿರು ಬಳಿದು, ತಿಂಗಳುಗಟ್ಟಲೆ ತುರಿಕೆ ಬಿಟ್ಟುಹೋಯಿತು. ಆ ಕೈಯ ಚರ್ಮ ಈಗ ಬಲಗೈಯದಕ್ಕಿಂತ ಹತ್ತು ವರ್ಷ ಹಳೆಯದಾಗಿ ಕಾಣುತ್ತದೆ.

"ಬಸ್ಸಲ್ಲಿ ಯಾರಾದ್ರೂ ಟೈಮ್ ಎಷ್ಟಮ್ಮಾ ಅಂತಾರೆ. ನಾನೂ ಗಂಭೀರವಾಗಿ ಕೈ ನೋಡ್ಕೋತೀನಿ. ಅಲ್ಲಿ ಬರೀ ತೂತು, ತೂತಿನೊಳಗೆ ನನ್ನ ಚರ್ಮ. ಕೇಳಿದವರು ಮೆಲ್ಲಗೆ ಬೇರೆ ಸೀಟು ಹುಡುಕ್ತಾರೆ" ಎನ್ನುತ್ತಾರೆ, ಸ್ವಲ್ಪವೂ ನಗದೆ.

ಈಗ ಕೈಯಲ್ಲಿರುವುದು ಸ್ಲೇಟು ಕಲ್ಲು. ಮುಚ್ಚಿಹೋದ ಕ್ಲಬ್ಬೊಂದರ ಬಿಲಿಯರ್ಡ್ಸ್ ಮೇಜಿನಲ್ಲಿ, ಹಸಿರು ಬಟ್ಟೆಯ ಅಡಿಗೆ ಹಾಸಿದ್ದ ಚಪ್ಪಡಿ ಇದು. ಅಲ್ಲೇ ಆಡಿ ಬೆಳೆದ ಗಿರಾಕಿಯೊಬ್ಬರಿಗೆ ಅದರಲ್ಲಿ ಹನ್ನೆರಡು ಗಡಿಯಾರ ಬೇಕಂತೆ. ನಲವತ್ತು ದಿನ ನಿನ್ನೆಗೆ ಮುಗಿದಿದೆ. ಕಲ್ಲು ಬೆವರಿಗೂ ಬಿಸಿನೀರಿಗೂ ಜಗ್ಗಿಲ್ಲ. ಇನ್ನು ಉಳಿದದ್ದು ಸದ್ದು ಮಾತ್ರ. ಹನ್ನೆರಡು ಬಿಲ್ಲೆಗಳನ್ನೂ ತಟ್ಟಿ ಕೇಳಿ ಇವತ್ತು ಹೂಂ ಅಥವಾ ಬೇಡ ಅನ್ನಬೇಕು. ಮೂರು ದಿನದಿಂದ ಬೇಡಕ್ಕನಿಗೆ ಊಟ ಸೇರುತ್ತಿಲ್ಲ.

ಕಾರಣವಿದೆ. ಇಪ್ಪತ್ತೆರಡು ವರ್ಷದ ಹಿಂದೆ ಇಂಥದೇ ಒಂದು ಸ್ಲೇಟಿಗೆ ಅವರು ಹೂಂ ಅಂದಿದ್ದರು. ಸ್ಲೇಟು ಪದರ ಪದರವಾದ ಕಲ್ಲು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ, ತಟ್ಟಿದಾಗ ಸದ್ದು ಮಂಕಾಗುತ್ತದೆ, ಅಷ್ಟೇ. ಅಂದು ಹತ್ತು ಗಂಟೆಗೆ ಮಾದರಿ ನೋಡಲು ಗಿರಾಕಿ ಬರುವವರಿದ್ದರು. ಕೆಳಗೆ ಯಂತ್ರಗಳೆಲ್ಲ ಓಡುತ್ತಿದ್ದವು. "ತಟ್ಟಿದೆ. ಕೇಳಿಸಿದ ಹಾಗಾಯ್ತು. ಕೇಳಿಸಿರಲಿಲ್ಲ" ಎಂದು ಬೇಡಕ್ಕ ಕೈಯಲ್ಲಿನ ಸೌಟನ್ನು ನೋಡುತ್ತಾರೆ. ಹೊಳಪು ಕೊಡುವ ಚಕ್ರಕ್ಕೆ ತಾಗುತ್ತಲೇ ಆ ಕಲ್ಲು ಸಿಡಿಯಿತು. ಚಕ್ರದ ಮುಂದೆ ಕೂತಿದ್ದವರು ಅವರ ಸ್ವಂತ ತಮ್ಮ. ಎಡಗಣ್ಣು ಉಳಿಯಲಿಲ್ಲ.

ತಮ್ಮ ಈಗಲೂ ಇಲ್ಲೇ ಕೆಲಸಕ್ಕಿದ್ದಾರೆ, ಚರ್ಮದ ಪಟ್ಟಿ ಹೊಲಿಯುತ್ತಾರೆ. ಅಕ್ಕನ ಮಾತು ಕೇಳಿಸಿಕೊಂಡು ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಅಕ್ಕ ಇದನ್ನ ಎಷ್ಟು ಸಲ ಹೇಳಿದ್ರೂ ಅರ್ಧಾನೇ ಹೇಳ್ತಾಳೆ. ಸರಿಯಾಗಿ ಕಾಣಲ್ಲ ಅಂತ ಕಣ್ಣು ಕಾಯೋ ಕನ್ನಡಕಾನ ಹಣೆ ಮೇಲೆ ಏರಿಸ್ಕೊಂಡಿದ್ದು ನಾನು."

"ಕಲ್ಲು ಚೆನ್ನಾಗಿದ್ದಿದ್ರೆ ಕನ್ನಡಕ ಎಲ್ಲಿದ್ರೇನೋ."

ಈ ಜಗಳಕ್ಕೂ ಇಪ್ಪತ್ತೆರಡು ವರ್ಷ. ತಪ್ಪನ್ನು ಇಬ್ಬರೂ ತಮ್ಮ ಕಡೆಗೇ ಎಳೆದುಕೊಳ್ಳುತ್ತಾರೆ, ಒಬ್ಬರೂ ಸೋಲುವುದಿಲ್ಲ. ಈ ಮೂರು ದಿನ ಮಾತ್ರ ಜಗಳದಲ್ಲಿ ಮೊದಲಿನ ಹುರುಪಿಲ್ಲ. ಯಾಕೆಂದರೆ ಆ ಚಕ್ರದ ಮುಂದೆ ಈಗ ಕೂರುವವಳು ತಮ್ಮನ ಮಗಳು. ಪಾಲಿಶ್ ಕೆಲಸ ಕಲಿತು ಒಂದು ವರ್ಷವಾಯಿತು, ಕೈ ಚುರುಕು. "ಅತ್ತೆ ಬೇರೆ ಯಾರಿಗಾದ್ರೆ ಹೂಂ ಅಂತಿದ್ರು. ನಾನು ಅಂತ ಬೇಡ ಅಂದ್ರೆ ನನಗೆ ಅವಮಾನ" ಎಂದು ಅವಳು ನೇರವಾಗಿ ಹೇಳಿದ್ದಾಳೆ. ಕೇಸಿನ ಒಳಗೆ ಉಕ್ಕಿನ ಬಳೆ ಕೂರಿಸೋಣ, ಧೈರ್ಯವಾಗಿ ಒಪ್ಪಿ ಎಂದು ಯಜಮಾನರೂ ಹೇಳಿನೋಡಿದರು. "ಉಕ್ಕು ಗಡಿಯಾರಾನ ಕಾಯುತ್ತೆ ಸ್ವಾಮಿ. ಚಕ್ರದ ಮುಂದೆ ಕೂತವಳನ್ನ ಯಾರು ಕಾಯೋರು?" ಎಂದು ಬೇಡಕ್ಕ ತಿರುಗಿ ಕೇಳಿದರು.

ಆ ಘಟನೆಯ ನಂತರ ಅಕ್ಕತಮ್ಮಂದಿರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಅಕ್ಕ ತಟ್ಟುತ್ತಾರೆ, ತಮ್ಮ ಗೋಡೆಗೆ ಮುಖಮಾಡಿ ಕೇಳುತ್ತಾರೆ. ಇಬ್ಬರೂ ಹೂಂ ಅಂದರೆ ಮಾತ್ರ ಬಿಲ್ಲೆ ಕೆಳಗಿಳಿಯಬೇಕು. ಇವತ್ತು ಮೊದಲ ಆರಕ್ಕೆ ಎರಡು ಹೂಂ ಸಿಕ್ಕಿತು. ಏಳನೆಯದಕ್ಕೆ ಅಕ್ಕ ಹೂಂ ಅಂದರು, ಗೋಡೆಯ ಕಡೆಯಿಂದ ಸದ್ದಿಲ್ಲ. ಮತ್ತೆ ತಟ್ಟಿದರು. ತಮ್ಮ ತಲೆ ಅಲ್ಲಾಡಿಸಿದರು. ಬೇಡಕ್ಕ ವಾದಕ್ಕಿಳಿಯದೆ ಆ ಬಿಲ್ಲೆಯನ್ನು ಪಕ್ಕಕ್ಕಿಟ್ಟು, ತುಸು ಹೊತ್ತು ಕುರ್ಚಿಯಲ್ಲಿ ಕೂತರು. "ಅದರ ಕೊನೇ ಎಳೆ ಮಂಕಾಗಿದ್ದು ನನಗೆ ಕೇಳಿಸ್ಲಿಲ್ಲ. ವಯಸ್ಸಾಯ್ತು. ಹೋದ ವರ್ಷವಾದ್ರೆ ಕೇಳ್ಸಿರೋದು" ಎಂದರು. ಅವರ ಮುಖದಲ್ಲಿದ್ದದ್ದು ಭಯ; ಅದನ್ನು ಅವರು ಮುಚ್ಚಿಡಲೂ ಇಲ್ಲ.

ಕೊನೆಗೆ ಒಂಬತ್ತು ಬಿಲ್ಲೆ ಗೆದ್ದವು, ಮೂರು ಪೆಟ್ಟಿಗೆ ಸೇರಿದವು. ಆ ಪೆಟ್ಟಿಗೆಯಲ್ಲಿ ಮೂವತ್ತು ವರ್ಷದ ಬೇಡಗಳಿವೆ. ಅಂಗಡಿಯ ಗಾಜಿನ ಹಿಂದೆ ಹೊಳೆಯುವ ಗಡಿಯಾರದಲ್ಲಿ ಬೇಡಕ್ಕನ ಹೆಸರಿಲ್ಲ, ಅದು ಹಾಗಿರಲಿ. ಅವರ ಮುಕ್ಕಾಲು ಪಾಲು ದುಡಿಮೆ ಗಡಿಯಾರವೇ ಆಗದೆ ಈ ಪೆಟ್ಟಿಗೆಯಲ್ಲಿ ಮಲಗಿದೆ. ಅದರಿಂದ ಉಳಿದ ಕಣ್ಣು, ಬೆರಳುಗಳ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಎಂಟು ಗಂಟೆಗೆ ಕೆಳಗೆ ಚಕ್ರ ತಿರುಗುತ್ತದೆ. ತಮ್ಮನೇ ಮಗಳ ಕನ್ನಡಕ ಬಿಗಿಮಾಡಿ, ಪಟ್ಟಿಯನ್ನು ಎರಡು ಸಲ ಎಳೆದು ನೋಡುತ್ತಾರೆ. ಬೇಡಕ್ಕ ತಾವೂ ಕನ್ನಡಕ ಹಾಕಿಕೊಂಡು ಸೋದರಸೊಸೆಯ ಎಡಗಡೆ, ಚೂರು ಸಿಡಿದರೆ ಹಾರಿಬರುವ ಜಾಗದಲ್ಲೇ ನಿಲ್ಲುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೊಸ ವಸ್ತುವಿನ ಮೊದಲ ಪಾಲಿಶ್ ಮುಗಿಯುವವರೆಗೆ ಅವರ ಜಾಗ ಅದೇ.

"ಅತ್ತೆ, ಈಚೆ ಬನ್ನಿ."

"ಹೂಂ ಅಂದವಳು ನಾನು. ನಿಂತ್ಕೊಳ್ಳೋದೂ ನಾನೇ. ನೀನು ಕೆಲಸ ನೋಡು."

ಕಲ್ಲು ಚಕ್ರಕ್ಕೆ ತಾಗುತ್ತದೆ. ಹನ್ನೊಂದು ನಿಮಿಷದ ನಂತರ ಹುಡುಗಿ ಚಕ್ರ ನಿಲ್ಲಿಸಿ, ಬಿಲ್ಲೆಯನ್ನು ಬಟ್ಟೆಯಲ್ಲಿ ಒರೆಸಿ ಅತ್ತೆಯ ಕೈಗಿಡುತ್ತಾಳೆ. ಬೇಡಕ್ಕ ಅದನ್ನು ನೋಡುವುದೇ ಇಲ್ಲ. ಸೊಸೆಯ ಕನ್ನಡಕವನ್ನು ಮೇಲೆತ್ತಿ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ನೋಡುತ್ತಾರೆ.

"ನನಗೆ ಆಸೆ ಅಂತ ಇದೊಂದೇ" ಎನ್ನುತ್ತಾರೆ ಮೆಟ್ಟಿಲು ಹತ್ತುತ್ತ. "ಇವಳು ಕೆಲಸ ಬಿಡೋ ದಿನ ಬಂದ ಹಾಗೇ ಮನೆಗೆ ಹೋಗ್ಬೇಕು. ಎರಡು ಕಣ್ಣೂ ಜೊತೆಲಿ ಕರ್ಕೊಂಡು."